ಒಂದೇ ಸಂಜೆ ಟಿವಿಯಲ್ಲಿ ಬಂದ ದುರ್ಗಾ

ಗದಗಿನ ನಮ್ಮ ಟಿವಿ ಮರುಪ್ರಸಾರ ಕೇಂದ್ರವನ್ನು ಮುಚ್ಚಿದ ದಿನ ಊರಲ್ಲಿ ಯಾರಿಗೂ ಅದರ ಖಬರು ಇರಲಿಲ್ಲ. ಮೇಲಿನಿಂದ ಆದೇಶ ಬಂತು, ನಾನು ಯಂತ್ರ ಆರಿಸಿದೆ, ಒಳಗಿನ ಫ್ಯಾನುಗಳ ಸದ್ದು ನಿಂತಿತು, ಮುಗಿಯಿತು. ಎಲ್ಲರ ಮಾಳಿಗೆಯ ಮೇಲೆ ಡಿಶ್ ಇತ್ತು, ಎಲ್ಲರ ಕೈಯಲ್ಲಿ ಮೊಬೈಲು ಇತ್ತು. ಹಿಂದೆ ಭಾನುವಾರ ಬೆಳಿಗ್ಗೆ ದೇವರ ಧಾರಾವಾಹಿಯ ಹೊತ್ತಿಗೆ ಇದೇ ಯಂತ್ರ ಒಮ್ಮೆ ಕೆಮ್ಮಿದರೂ ಸಾಕು, ಜನ ಗೇಟಿನ ಮುಂದೆ ನಿಂತು ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಈಗ ಬೈಯುವುದಕ್ಕಾದರೂ ಒಬ್ಬ ಬರಬಾರದೇ ಎಂದು ನನಗೆ ಸಿಟ್ಟೇ ಬಂತು. ನಿವೃತ್ತಿಯ ಅಂಚಿಗೆ ಬಂದ ನೌಕರನ ಸಿಟ್ಟಿಗೆ ಯಾರು ಹೆದರುತ್ತಾರೆ?

ಆ ವಾರ ಮುಗಿಯುವುದರೊಳಗೆ ಒಬ್ಬಳು ಬಂದಳು. ಅಸುಂಡಿಯ ಹನಮಂತವ್ವ. ಬಿಸಿಲಿನಲ್ಲಿ ಬಸ್ಸಿಳಿದು ನಡೆದು ಬಂದಿದ್ದಳು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಗೇಟಿನ ಸರಳು ಹಿಡಿದು ನಿಂತಳು.

"ಸಾಹೇಬ್ರ, ನಮ್ಮ ಟಿವಿಯಾಗ ಬರೇ ಇರಿವಿ ಹರದಾಡಿದಂಗ ಆಗಾಕತ್ತೇತ್ರಿ. ಅಂಟೆನಾ ತಿರುವಿ ತಿರುವಿ ಸಾಕಾತು."

"ಇನ್ನ ಬರೂದಿಲ್ಲವಾ," ಎಂದೆ. "ಬಂದ್ ಮಾಡ್ಯಾರ. ಇಡೀ ದೇಶದಾಗ ಇಂಥಾವು ಒಂದೊಂದ ಬಂದ್ ಆಗ್ಲಿಕತ್ತಾವ. ನಿನ್ನ ಮಗಗ ಹೇಳಿ ಡಿಶ್ ಹಚ್ಚಿಸಿಕೋ."

"ಡಿಶ್ ಐತ್ರಿ ಮನ್ಯಾಗ. ಅದು ಹುಡುಗೂರ ನೋಡೂದು," ಎಂದಳು. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು. "ಹಂಗಾದ್ರ ನಮ್ಮ ದುರ್ಗಾ ಇನ್ನ ಯಾವ ದಾರೀಲೆ ಬರಬೇಕ್ರಿ?"

ದುರ್ಗಾ ಅವಳ ಮಗಳು. ಸತ್ತು ಮೂವತ್ತು ವರ್ಷಕ್ಕೆ ಬಂತು. ಇದನ್ನು ಓದಿ ಹನಮಂತವ್ವನನ್ನು ಹುಚ್ಚಿ ಎಂದುಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನೂ ಹಾಗೆ ಅಂದುಕೊಂಡು ನನ್ನ ಹೆಂಡತಿ ಭಾಗೀರಥಿಬಾಯಿಯಿಂದ ಚೆನ್ನಾಗಿ ಬೈಸಿಕೊಂಡವನು. ಹನಮಂತವ್ವನ ಬುದ್ಧಿ ಸರಿಯಾಗಿಯೇ ಇತ್ತು. ಅವಳಿಗೆ ಬೇಕಾದದ್ದು ಒಂದೇ, ಮಗಳ ಮುಖವನ್ನು ಇನ್ನೊಮ್ಮೆ ನೋಡುವುದು. ಆ ಮುಖ ಭೂಮಿಯ ಮೇಲೆ ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಏಕೆ ಇರಲಿಲ್ಲವೆಂದರೆ, ಹನಮಂತವ್ವ ಸೊಸೆಯಾಗಿ ಬಂದ ಮನೆಯಲ್ಲಿ ಮಕ್ಕಳ ಫೋಟೊ ತೆಗೆಸುವಂತಿರಲಿಲ್ಲ. ಅವಳ ಗಂಡ ಗವಿಸಿದ್ದಪ್ಪನಿಗೆ ಒಬ್ಬ ತಮ್ಮನಿದ್ದನಂತೆ. ಅವನನ್ನು ಕೂಸಿದ್ದಾಗ ಗದಗಿನ ಸ್ಟುಡಿಯೋಕ್ಕೆ ಒಯ್ದು ಫೋಟೊ ತೆಗೆಸಿದರು, ಆ ವರ್ಷವೇ ಕೂಸು ತೀರಿಕೊಂಡಿತು. ಅತ್ತೆ ಅಂದೇ ಆಣೆ ಹಾಕಿದಳು, ಈ ಮನೆಯ ಮಕ್ಕಳ ಮುಖವನ್ನು ಯಾರೂ ಕಾಗದದ ಮೇಲೆ ಹಿಡಿಯಬಾರದು ಎಂದು. ಶಾಲೆಯಲ್ಲಿ ಗುಂಪಿನ ಫೋಟೊ ತೆಗೆಯುವ ದಿನ ಮುದುಕಿ ದುರ್ಗಾಳನ್ನು ಹೊಲಕ್ಕೆ ಕರೆದುಕೊಂಡು ಹೋಗಿಬಿಟ್ಟಳು. ಪ್ರೀತಿಯಿಂದಲೇ ಮಾಡಿದ ಕೆಲಸ ಅದು.

ಟಿವಿಯಲ್ಲಿ ಬಂದದ್ದು ಹೇಗೆ ಎಂದು ಹೇಳಬೇಕು. ಹನಮಂತವ್ವನ ತವರು ಲಕ್ಕುಂಡಿ. ಪಂಚಮಿಗೆ ತವರಿಗೆ ಹೋಗದ ಹೆಣ್ಣು ನಮ್ಮ ಕಡೆ ಯಾವಳಿದ್ದಾಳೆ? ಆ ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದಳು. ಗುಡಿಗಳನ್ನೂ ಮೆಟ್ಟಿಲು ಬಾವಿಗಳನ್ನೂ ಚಿತ್ರೀಕರಿಸಲು ಬೆಂಗಳೂರಿನಿಂದ ಟಿವಿಯವರು ಬಂದಿದ್ದರು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಕಂಡು ಅಲ್ಲಿಗೂ ಕ್ಯಾಮೆರಾ ತಂದರು. ಹೆಂಗಸರೆಲ್ಲ ನಾಚಿ ಹಿಂದೆ ಸರಿದಾಗ ದುರ್ಗಾ ಮಾತ್ರ ಹಗ್ಗ ಬಿಡಲಿಲ್ಲ. ಕಾಲು ಚಾಚಿ ಜೀಕಿ ಜೀಕಿ ಕ್ಯಾಮೆರಾದ ಮೂಗಿನವರೆಗೂ ಬಂದು ಹೋಗುತ್ತಿದ್ದಳಂತೆ.

ಅಸುಂಡಿಗೆ ಮರಳಿ ಹನಮಂತವ್ವ ಹೆದರುತ್ತಲೇ ಅತ್ತೆಗೆ ಹೇಳಿದಳು. ಮುದುಕಿ ಎಲೆ ಅಡಿಕೆ ಜಗಿಯುತ್ತ ಯೋಚಿಸಿ ತೀರ್ಪು ಕೊಟ್ಟಳು. "ಫೋಟೊ ಅಂದ್ರ ಹಿಡದ ಇಡೂದು. ಟಿವಿ ಹಂಗಲ್ಲ. ಬಂದಂಗ ಹೋಗತೈತಿ, ಬಾವ್ಯಾಗ ಮಾರಿ ನೋಡಿದಂಗ. ಅದಕ್ಕೇನ ದೋಷ ಇಲ್ಲ."

ಆಗ ಅಸುಂಡಿಯಲ್ಲಿ ಇದ್ದದ್ದು ಪಂಚಾಯಿತಿಯ ಟಿವಿ ಒಂದೇ. ಕಪ್ಪು ಬಿಳುಪಿನದು, ಕಟ್ಟಿಗೆಯ ಪೆಟ್ಟಿಗೆಯೊಳಗೆ. ಪೆಟ್ಟಿಗೆಗೆ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಕಾರ್ಯದರ್ಶಿ ರಾಮಪ್ಪನ ಉಡದಾರದಲ್ಲಿ. ಜನ ಚಪ್ಪಲಿ ಹೊರಗೆ ಬಿಟ್ಟು ಬಂದು ಕೂರುತ್ತಿದ್ದರು. ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ದೇವರು ಬಂದರೆ ಮುದುಕಿಯರು ಕಾಯಿ ಒಡೆದು ಊದಿನಕಡ್ಡಿ ಹಚ್ಚುತ್ತಿದ್ದರು. ದಿಲ್ಲಿಯ ಹಿಂದಿಯನ್ನು ಅರ್ಥವಾಗದೆಯೂ ಬಾಯಿ ತೆರೆದು ಕೇಳುತ್ತಿದ್ದ ಊರು ಅದು. ಸಂಜೆ ಬೆಂಗಳೂರಿನಿಂದ ಕನ್ನಡ ಬರತೊಡಗಿದ ಮೇಲಂತೂ ಕಟ್ಟೆಯ ಮೇಲೆ ಹರಟುವವರು ಇಲ್ಲವಾದರು. ನಡುವೆ ಏನಾದರೂ ಕೆಟ್ಟು 'ಅಡಚಣೆಗಾಗಿ ಕ್ಷಮಿಸಿ' ಎಂಬ ಹಲಗೆ ಬಂದರೆ, ದೇವರು ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂದು ಇಲ್ಲಿ ಗದಗಿನಲ್ಲಿ ಕೂತ ನನ್ನನ್ನು ಬೈಯುತ್ತಿದ್ದರು. ಆ ಪೂಜಾರಿ ಎಂಬ ಹೆಸರು ನನಗೆ ಖುಷಿಯನ್ನೇ ಕೊಡುತ್ತಿತ್ತು, ಸುಳ್ಳೇಕೆ ಹೇಳಲಿ.

ಲಕ್ಕುಂಡಿಯ ಕಾರ್ಯಕ್ರಮ ಬಂದ ಸಂಜೆ ಪಂಚಾಯಿತಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ದುರ್ಗಾಗೆ ಹೂ ಮುಡಿಸಿ ಎಲ್ಲರಿಗಿಂತ ಮುಂದೆ ಕೂರಿಸಿದ್ದರು. ಗುಡಿ ಬಂತು, ಬಾವಿ ಬಂತು, ಆಮೇಲೆ ಬೇವಿನ ಮರ ಬಂತು. "ಏ, ದುರ್ಗಾ" ಎಂದು ಊರಿಗೆ ಊರೇ ಕೂಗಿತು. ಆ ಕೂಗಿಗೆ ಹುಡುಗಿ ಹೆದರಿ ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿದಳು. ಹನಮಂತವ್ವ ಅವಳ ಗದ್ದ ಹಿಡಿದು, "ನೋಡಬೇ, ನೋಡ, ಅಲ್ನೋಡ, ನೀನ ಬಂದಿ" ಎಂದು ಮುಖವನ್ನು ಟಿವಿಯ ಕಡೆಗೆ ತಿರುಗಿಸುವ ಪ್ರಯತ್ನದಲ್ಲೇ ಇದ್ದಳು. ಅಂತೂ ಹುಡುಗಿ ಒಂದು ಕಣ್ಣು ತೆರೆಯುವಷ್ಟರಲ್ಲಿ ಪರದೆಯ ಮೇಲೆ ಬೇರೆ ಯಾರೋ ಮಾತಾಡುತ್ತಿದ್ದರು.

ತಾಯಿ ಟಿವಿಯನ್ನು ನೋಡಲೇ ಇಲ್ಲ. ಮಗಳು ಮಡಿಲಲ್ಲಿ ಬೆಚ್ಚಗೆ ಕೂತಿರುವಾಗ ಪೆಟ್ಟಿಗೆಯಲ್ಲಿರುವ ಮಗಳನ್ನು ಯಾವ ತಾಯಿ ನೋಡುತ್ತಾಳೆ ಹೇಳಿ.

ಮುಂದಿನ ಮಳೆಗಾಲದಲ್ಲಿ ದುರ್ಗಾಗೆ ಜ್ವರ ಬಂತು. ಗುಡಿಯ ಅಂಗಾರ ತಂದು ಹಣೆಗೆ ಹಚ್ಚಿದರು, ಗದಗಿನ ದವಾಖಾನೆಗೂ ತಂದರು. ಹುಡುಗಿ ಉಳಿಯಲಿಲ್ಲ.

ಹನಮಂತವ್ವ ನಮ್ಮ ಗೇಟಿಗೆ ಮೊದಲ ಸಲ ಬಂದದ್ದು ಅದಾದ ಮೇಲೆ, ಒಂದು ಸಂತೆಯ ದಿನ. ತರಕಾರಿ ಚೀಲ ಕೆಳಗಿಟ್ಟು, ಟವರನ್ನು ಬುಡದಿಂದ ತುದಿಯವರೆಗೆ ನೋಡಿ, ಕೇಳಿದಳು. "ಸಾಹೇಬ್ರ, ನಮ್ಮ ದುರ್ಗಾನ ಮತ್ತ ಯಾವಾಗ ಬಿಡ್ತೀರ್ರಿ?"

ಪೊಲೀಸ್ ಠಾಣೆಗೆ ಹೋಗಬೇಕಾದವಳು ದಾರಿ ತಪ್ಪಿ ಬಂದಿದ್ದಾಳೆ ಎಂದುಕೊಂಡೆ. ವಿಷಯ ತಿಳಿದ ಮೇಲೆ ಹೇಳಿದೆ. "ನೋಡವಾ, ಬೆಂಗಳೂರವರು ಕಳಿಸಿದ್ದನ್ನ ನಾವು ಮುಂದ ಬಿಡ್ತೇವಿ, ಅಷ್ಟ. ಇಲ್ಲೆ ನಮ್ಮ ಹತ್ರ ಏನೂ ಇಟಗೊಂಡಿರೂದಿಲ್ಲ."

"ಹಂಗಂದ್ರ ಹಿಟ್ಟಿನ ಗಿರಣಿ ಇದ್ದಂಗ್ರಿ. ಹಾಕಿದ್ದನ್ನ ಬೀಸಿ ಕೊಡ್ತೀರಿ."

"ಹಂಗ ತಿಳಕೋ."

"ಹಾಕಾವ್ರಿಗೆ ಹೇಳ್ರಿ ಮತ್ತ. ಸಿನಿಮಾ ಎರಡೆರಡ ಸಲ ಬರತಾವು. ದೇವರ ಕತೀನೂ ಮತ್ತ ಬಂತು. ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ್ರಿ? ಆಕಿನೂ ಬರತಾಳ." ಆಮೇಲೆ ಸಣ್ಣ ದನಿಯಲ್ಲಿ ಅಂದಳು. "ಮಾರಿ ಮರ್ತ ಹೊಂಟೇತ್ರಿ ಸಾಹೇಬ್ರ. ಹಣಿ ನೆಪ್ಪೈತಿ, ಕಣ್ಣ ನೆಪ್ಪದಾವು. ಎಲ್ಲಾ ಕೂಡಿಸಿದ್ರ ಆಕಿ ಆಗವಲ್ಲಳು."

ಆ ದಿನ ಮನೆಗೆ ಹೋಗಿ ಇದನ್ನು ನಗೆಯ ಮಾತೆಂಬಂತೆ ಭಾಗೀರಥಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. "ಇದರಾಗ ನಗೂದು ಏನ ಬಂತ್ರಿ ನಿಮಗ?" ಎಂದಳು. "ಟವರ್ ಮ್ಯಾಲೆ ಕೂತು ಕೂತು ಮನಶ್ಯಾರು ಇರಿವಿಯಂಗ ಕಾಣ್ಲಿಕತ್ತಾರ." ಮುಂದಿನ ಸಂತೆಗೆ ಹನಮಂತವ್ವನನ್ನು ಮನೆಗೆ ಕರೆಸಿ ಚಹಾ ಕೊಟ್ಟಳು. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕೂತು ಏನು ಮಾತಾಡಿಕೊಂಡರೋ, ನಾನು ಒಳಗೆ ಹೋದಾಗ ಇಬ್ಬರ ಕಣ್ಣೂ ಕೆಂಪಾಗಿದ್ದವು.

ನಾನು ಬೆಂಗಳೂರಿಗೆ ಫೋನು ಮಾಡಿದೆ, ಗುರುತಿನವರನ್ನು ಹಿಡಿದೆ, ಒಮ್ಮೆ ಸ್ವತಃ ಹೋಗಿಯೂ ಬಂದೆ. ಆಗ ಟೇಪು ದುಬಾರಿ. ಒಮ್ಮೆ ತೋರಿಸಿದ್ದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ತುಂಬುವುದು ಆ ಕಾಲದ ಟಿವಿ ಲೋಕದ ರೂಢಿಯಾಗಿತ್ತು. ಜೋಕಾಲಿಯ ಮೇಲಿನ ಹುಡುಗಿಯ ಮೇಲೆ ಯಾವ ಅಡುಗೆ ಕಾರ್ಯಕ್ರಮ ಬಂತೋ, ಯಾವ ಭಾಷಣ ಬಂತೋ. ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. "ಅಳಿಸ್ಯಾರವಾ. ಇಲ್ಲ ಅದು."

"ಒಬ್ಬರ ಮಗಳನ್ನ ಅಳಿಸಾಕ ಹೆಂಗ ಬರತೈತ್ರಿ, ಕೇಳದ?" ಎಂದಳು.

ಅವಳು ನಂಬಲಿಲ್ಲ. ನನ್ನ ಮಾತನ್ನು ನಂಬಿದ್ದರೆ ಅವಳಿಗೆ ಕಾಯಲು ಏನೂ ಉಳಿಯುತ್ತಿರಲಿಲ್ಲ. ಗವಿಸಿದ್ದಪ್ಪನಿಗೆ ಗಂಟುಬಿದ್ದು ಮನೆಗೇ ಟಿವಿ ತರಿಸಿದಳು. ದಿನಾ ಸಂಜೆ ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿ ಅದರ ಮುಂದೆ ಕೂರುತ್ತಿದ್ದಳು. ಪಂಚಮಿ ಬಂತೆಂದರೆ ತವರಿಗೆ ಹೋಗುವುದನ್ನೂ ಬಿಟ್ಟಳು, ತಾನು ಜೋಕಾಲಿಯಾಡುವಾಗ ಇಲ್ಲಿ ಮಗಳು ಬಂದು ಹೋದರೆ ಎಂಬ ಭಯ. ದುರ್ಗಾ ಹೇಗೆ ಕಾಣುತ್ತಿದ್ದಳು ಎಂದು ಅಂದು ನೋಡಿದವರನ್ನೆಲ್ಲ ಕೇಳುತ್ತಿದ್ದಳು. ಒಬ್ಬೊಬ್ಬರದು ಒಂದೊಂದು ಮಾತು. ದುರ್ಗಾಗೆ ಎರಡು ಹೊಸ ಲಂಗಗಳಿದ್ದವು, ಒಂದು ಕೆಂಪು, ಒಂದು ಹಸಿರು. ಜೋಕಾಲಿಯ ದಿನ ಉಟ್ಟಿದ್ದು ಯಾವುದು ಎಂಬುದು ತಾಯಿಗೇ ಮರೆತುಹೋಗಿತ್ತು. ಊರವರಿಗೂ ಹೇಳಲಾಗಲಿಲ್ಲ, ಪಂಚಾಯಿತಿಯ ಟಿವಿಯಲ್ಲಿ ಬಣ್ಣವೆಲ್ಲಿತ್ತು?

ಮುಂದೆ ಕೇಬಲ್ ಬಂತು, ಊರವರೆಲ್ಲ ಅಂಟೆನಾ ಕಿತ್ತು ಗುಜರಿಗೆ ಹಾಕಿದರು. ಆಮೇಲೆ ಡಿಶ್ ಬಂತು. ಮಗ ಸುದೀಪ ಬೆಳೆದು ಗದಗಿನಲ್ಲಿ ಟೆಂಪೊ ಓಡಿಸತೊಡಗಿದವನು ದೊಡ್ಡ ಟಿವಿ ತಂದ. ಹನಮಂತವ್ವ ಹಳೆಯ ಟಿವಿಯನ್ನು ದೇವರ ಜಗಲಿಯ ಪಕ್ಕಕ್ಕೆ ಸರಿಸಿಕೊಂಡಳೇ ಹೊರತು ಬಿಡಲಿಲ್ಲ. ಇಡೀ ಅಸುಂಡಿಯಲ್ಲಿ ನಮ್ಮ ಟವರಿನ ಕಡೆ ಮುಖ ಮಾಡಿ ನಿಂತ ಅಂಟೆನಾ ಅವಳದೊಂದೇ. ಸೊಸೆ ನೇತ್ರಾ ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಮಕ್ಕಳ ಫೋಟೊ ತೆಗೆಯುತ್ತಿದ್ದಳು. ಹನಮಂತವ್ವನ ಅತ್ತೆಯ ಆಣೆ ಆ ಅತ್ತೆಯೊಂದಿಗೇ ಹೋಗಿತ್ತು, ಗವಿಸಿದ್ದಪ್ಪನೂ ಹೋಗಿದ್ದ. ಆಣೆಗೆ ಬಲಿಯಾದವಳು ಮಾತ್ರ ಹಾಗೆಯೇ ಕೂತಿದ್ದಳು.

ಹೀಗೆ ಕೂತವಳೇ ಆ ದಿನ ಮುಚ್ಚಿದ ಕೇಂದ್ರದ ಗೇಟಿನ ಮುಂದೆಯೂ ಕೂತಿದ್ದಳು. ಕೇಂದ್ರದ ಹಳೆಯ ಕಬ್ಬಿಣ, ತಂತಿ ನೋಡಿ ಹೋಗಲು ಮುಂಡರಗಿಯಿಂದ ಶಾಹಬಾಜ ಎಂಬವನು ಬಂದಿದ್ದ, ಅಲ್ಲಿ ಮೊಬೈಲ್ ಅಂಗಡಿ ಇಟ್ಟವನು. "ಯಾಕ್ರಿ ಅವ್ವಾರು ಹಿಂಗ ಕುಂತಾರ?" ಎಂದು ಕೇಳಿದ. ನಾನು ಬೇಸರದಲ್ಲಿ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ.

"ಲಕ್ಕುಂಡಿ ಪಂಚಮೀದೇನ್ರಿ? ಜೋಕಾಲಿ? ಅದು ನಮ್ಮ ಅಂಗಡ್ಯಾಗ ಇತ್ತಲ್ರಿ."

ಶಾಹಬಾಜನ ತಂದೆ ರಹಮಾನಸಾಬನಿಗೆ ಆಗ ವಿಡಿಯೋ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿತ್ತಂತೆ. ಎತ್ತರದ ಕೊಳವೆಯ ತುದಿಗೆ ಅಂಟೆನಾ ಕಟ್ಟಿ ನಮ್ಮ ಟವರನ್ನು ಅಷ್ಟು ದೂರದಿಂದ ಹಿಡಿಯುತ್ತಿದ್ದ. ಟಿವಿಯಲ್ಲಿ ಗದಗು, ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ನಮ್ಮ ಕಡೆಯ ಊರಿನ ಹೆಸರು ಕೇಳಿದರೆ ಸಾಕು, ಕ್ಯಾಸೆಟ್ಟು ತುರುಕಿ ರೆಕಾರ್ಡ್ ಮಾಡುವ ಚಟ ಅವನಿಗೆ. ಅಂಗಡಿಗೆ ಬಂದವರಿಗೆಲ್ಲ ಹಾಕಿ ತೋರಿಸುತ್ತಿದ್ದ.

ಹನಮಂತವ್ವ ಗೇಟು ಹಿಡಿದು ಎದ್ದು ನಿಂತಳು. "ನಿಮ್ಮಪ್ಪಾರು ಅದಾರೇನೋ ತಮ್ಮಾ?" ಎಂದು ಕೇಳಿದಳು. ಇದ್ದಾರೆ ಎಂದ. ಅವಳು ನನ್ನ ಮುಖ ನೋಡಿದಳು. ಮೂವತ್ತು ವರ್ಷ ಬೆಂಗಳೂರಿನ ಕಡೆ ನೋಡಿದ್ದೆವು, ಮುಂಡರಗಿಯ ಕಡೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಮುಂಡರಗಿಯ ಬಸ್ಸು ಹತ್ತಿದೆವು. ಅವಳು ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು, ಮಡಿಲಲ್ಲಿ ರಹಮಾನಸಾಬನ ಮನೆಗೆಂದು ಶೇಂಗಾ ಹೋಳಿಗೆಯ ಗಂಟು. ಅವಳು ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಿಟಕಿಯ ಹೊರಗೆ ಜೋಳ ಹಾಲುಗಾಳಾಗಿ ನಿಂತಿತ್ತು. ಒಂದು ಹೊಲದಲ್ಲಿ ಹಕ್ಕಿ ಓಡಿಸಲು ಹೊಳೆಯುವ ಪಟ್ಟಿ ಕಟ್ಟಿದ್ದನ್ನು ಕಂಡು ನಕ್ಕಳು.

"ಇದೇನ ಕಟ್ಟತಾರ್ರಿ. ಆವಾಗ ಕ್ಯಾಸೆಟ್ಟಿನ ರೀಲು ಕಟ್ಟತಿದ್ವಿ. ಗಾಳಿ ಬಿಟ್ಟರ ಗುಂಯ್ ಅಂತ ಹೊಲಾ ತುಂಬ ಹಾಡತಿತ್ತು. ಕವಣಿ ಬೀಸೂದ ಬ್ಯಾಡ, ಡಬ್ಬಿ ಬಡಿಯೂದ ಬ್ಯಾಡ, ಒಂದ ಗುಬ್ಬಿ ಕಾಳಿಗೆ ಬಾಯಿ ಹಾಕಲಿಲ್ಲ. ನಮ್ಮನಿಯವರು ಎಲ್ಲಿಂದೋ ಒಂದ ಚೀಲ ತಂದಿದ್ರು."

ಇದು ನಮ್ಮ ಕಡೆ ಎಲ್ಲರೂ ಬಲ್ಲ ಉಪಾಯ. ಕ್ಯಾಸೆಟ್ಟುಗಳ ಕಾಲ ಮುಗಿದಾಗ ಅವುಗಳ ಕಂದು ರೀಲನ್ನು ಎಳೆದು ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟುತ್ತಿದ್ದರು. ಬಿಸಿಲಿಗೆ ಮಿಂಚುತ್ತಿತ್ತು, ಗಾಳಿಗೆ ಸದ್ದು ಮಾಡುತ್ತಿತ್ತು. ನಾನು ಹೂಂಗುಟ್ಟಿದೆ, ಅಷ್ಟೇ.

ರಹಮಾನಸಾಬ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಕಾಲು ನಡೆಯುತ್ತಿರಲಿಲ್ಲ, ನೆನಪು ಮಾತ್ರ ಗಟ್ಟಿ. ವಿಷಯ ಹೇಳಿದ ಕೂಡಲೇ ಹನಮಂತವ್ವನನ್ನು ದಿಟ್ಟಿಸಿ ನೋಡಿದ.

"ನೀನ ಏನ ತಂಗಿ ಆ ಹುಡುಗಿ ತಾಯಿ? ಮುಂದಿನ ಎರಡು ಹಲ್ಲ ಬಿದ್ದಿದ್ದು ಆಕೀವು. ಜೀಕಿ ಬಂದಾಗೆಲ್ಲಾ ಬಾಯಿ ತುಂಬ ನಗತಿದ್ದಳು. ಕಿವಿ ಮ್ಯಾಲ ಒಂದ ಹೂವು ಜೋತಬಿದ್ದಿತ್ತು, ಈಗ ಬೀಳತೈತಿ, ಆಗ ಬೀಳತೈತಿ ಅಂತ ನಾವೆಲ್ಲಾ ನೋಡತಿದ್ವಿ. ಬೀಳಲಿಲ್ಲ ಅದು."

ಹನಮಂತವ್ವ ಹೊರಸಿನ ಹತ್ತಿರ ಸರಿದಳು. "ಅಣ್ಣಾ, ಲಂಗ ಯಾವುದು ಉಟ್ಟಿದ್ದಳು?"

"ಹಸರ. ನಂದು ಕಲರ್ ಟಿವಿ ತಂಗಿ. ಗಿಣಿ ಹಸರ ಲಂಗ, ಕೆಂಪ ಅಂಚು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೂವತ್ತು ವರ್ಷ ಯಾರೂ ಕೊಡದಿದ್ದ ಉತ್ತರವನ್ನು ಗುರುತಿಲ್ಲದ ಮನುಷ್ಯನೊಬ್ಬ ಹೊರಸಿನ ಮೇಲೆ ಕೂತು ಕೊಟ್ಟಿದ್ದ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಹಚ್ಚಿ ತೋರಸಣ್ಣಾ" ಎಂದಳು.

ರಹಮಾನಸಾಬ ಮಗನ ಕಡೆ ನೋಡಿದ. ಶಾಹಬಾಜ ತಲೆ ತಗ್ಗಿಸಿದ.

"ಎಲ್ಲಿಂದ ತರಲಿ ತಂಗಿ," ಎಂದ ಮುದುಕ. "ಸೀಡಿ ಬಂದವು, ಕ್ಯಾಸೆಟ್ಟು ಕೇಳಾವ್ರ ಇಲ್ಲ. ಒಂದು ಮಳಿಗಾಲ ಅಂಗಡಿ ಗ್ವಾಡಿ ಕುಸೀತು, ಎಲ್ಲಾ ಬೂಷ್ಟು ಹಿಡದವು. ಸುತ್ತಿನ ರೈತರು ಹಕ್ಕಿ ಕಾಯಾಕ ರೀಲು ಬೇಕಂತ ಬರತಿದ್ರು. ಬಂದಾವ್ರಿಗೆ ಬಂದಂಗ ಒಂದೊಂದ ಚೀಲ ಕೊಟ್ಟಬಿಟ್ಟೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಆದರೂ ನಾನು ಬಿಡಲಿಲ್ಲ. ಯಾರ್ಯಾರು ಒಯ್ದರು, ಒಂದಾದರೂ ಒಡೆಯದೆ ಉಳಿದಿರಬಹುದೇ, ಆ ಕ್ಯಾಸೆಟ್ಟಿಗೆ ಗುರುತೇನಿತ್ತು ಎಂದು ಒಂದರ ಮೇಲೊಂದು ಕೇಳಿದೆ.

"ಗುರುತ ಇತ್ರಿ," ಎಂದ ರಹಮಾನಸಾಬ. "ನಮ್ಮ ಗಿರಾಕಿಗೆ ಓದಾಕ ಬರತಿದ್ದಿಲ್ಲ. ಅದಕ್ಕ ನಾ ಅಕ್ಷರ ಬರೀತಿದ್ದಿಲ್ಲ, ಚಿತ್ರ ತಗೀತಿದ್ದೆ. ಕುಸ್ತಿ ಇದ್ರ ಪೈಲವಾನ, ದೇವರಿದ್ರ ತ್ರಿಶೂಲ. ಇದರ ಮ್ಯಾಲ ಜೋಕಾಲಿ ತಗದು ಒಂದ ಹುಡುಗೀನ ಕುಂಡ್ರಿಸಿದ್ದೆ."

ಹೋಳಿಗೆಯ ಗಂಟು ಬಿಚ್ಚುತ್ತಿದ್ದ ಹನಮಂತವ್ವನ ಕೈ ನಿಂತಿತು.

"ಕೆಂಪ ಪೆನ್ನಿಲೇನಣ್ಣಾ?"

"ಹೌದ, ಕೆಂಪ ಪೆನ್ನಿಲೆ. ನಿನಗ ಹೆಂಗ ಗೊತ್ತು?"

ಅವಳು ಗಂಟನ್ನು ಅಲ್ಲಿಯೇ ಬಿಟ್ಟು ಎದ್ದಳು. "ಊರಿಗೆ ಹೋಗೂಣ ನಡೀರಿ ಸಾಹೇಬ್ರ" ಎಂದಳು. ಗದಗಿನಲ್ಲಿ ಬಸ್ಸು ಬದಲಿಸಿ ಅಸುಂಡಿ ಮುಟ್ಟಿದೆವು.

ಅಸುಂಡಿಯ ಮನೆಯಲ್ಲಿ ನೇತ್ರಾ ನೀರು ಕೊಟ್ಟಳು. ಹನಮಂತವ್ವ ಕಾಲೂ ತೊಳೆಯದೆ ನೇರ ಜಗಲಿಯ ಮುಂದೆ ಹೋಗಿ ನಿಂತಳು. ಆ ಕಡೆ ದೇವರು, ಈ ಕಡೆ ಹಳೆಯ ಟಿವಿ. ನಡುವೆ ಗೋಡೆಗೆ, ದೀಪದ ಮಸಿ ಹಿಡಿದು ಹಳದಿಯಾದ ಒಂದು ಅಂಗೈಯಗಲದ ಚೀಟಿ ಅಂಟಿಸಿತ್ತು. ಕೆಂಪು ಗೆರೆಯ ಒಂದು ಮರ, ಎರಡು ಹಗ್ಗ, ಕಾಲು ಚಾಚಿ ಕೂತ ಒಂದು ಹುಡುಗಿ.

"ಆ ಚೀಲದಾಗಿನ ಡಬ್ಬಿ ನಾನ ಒಡದ್ನಿ," ಎಂದಳು. ದನಿಯಲ್ಲಿ ಅಳು ಇರಲಿಲ್ಲ. "ಒರಳಕಲ್ಲ ಮ್ಯಾಲ ಇಟ್ಟು ಗುಂಡಕಲ್ಲಿಲೆ ಒಡದ್ನಿ. ಇದೊಂದರ ಮ್ಯಾಲ ಚಂದನ ಚಿತ್ರ ಇತ್ತು. ಪಂಚಮಿ ನೆಪ್ಪಾತು, ಮಗಳು ನೆಪ್ಪಾದಳು. ಹರೀಬಾರದಂತ ಮೆಲ್ಲಕ ಬಿಡಿಸಿ ತಂದು ಇಲ್ಲಿ ಹಚ್ಚಿದ್ನಿ. ಆಮ್ಯಾಲ ಡಬ್ಬಿ ಒಡದ್ನಿ."

ನೇತ್ರಾ ಏನೂ ತಿಳಿಯದೆ ನನ್ನ ಮುಖ ನೋಡಿದಳು. ನಾನು ಅವಳಿಗೆ ಹೇಳಬೇಕಾಯಿತು. ಹೇಳುತ್ತಿರುವಾಗ ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿತು.

"ಹಾಲುಗಾಳ ಮುಗಿಯೂತನಾ ನಾ ಹೊಲದಾಗ ಅಟ್ಟದ ಮ್ಯಾಲ ಕುಂತಿದ್ನಿ," ಎಂದಳು ಹನಮಂತವ್ವ. "ತೆಲಿ ಮ್ಯಾಲ ಆ ರೀಲು ಹಾಡತಿತ್ತು. ನಾ ಹಕ್ಕಿ ಬಂದಾವೇನ ಅಂತ ನೋಡತಿದ್ನಿ. ಸಂಜೀಕ ಮನಿಗೆ ಬಂದು ಟಿವಿ ಹಚ್ಚಿ ಆಕಿನ್ನ ಕಾಯತಿದ್ನಿ."

ಭಾಗೀರಥಿ ಅಲ್ಲಿದ್ದಿದ್ದರೆ ಅವಳನ್ನು ತಬ್ಬಿಕೊಂಡಾದರೂ ಅಳುತ್ತಿದ್ದಳು. ನಾನು ಗಂಡಸು, ಅದೂ ಸಾಹೇಬ, ಕಂಬಕ್ಕೆ ಒರಗಿ ನಿಂತಿದ್ದೆ. ಆಗ ಹನಮಂತವ್ವನಿಗೆ ಏನೋ ನೆನಪಾಯಿತು. ನೇತ್ರಾಳನ್ನು ಕರೆದು ಹಿತ್ತಲ ಕೊಟ್ಟಿಗೆಯ ಜಂತಿಯಲ್ಲಿ ಕೈಯಾಡಿಸಲು ಹೇಳಿದಳು. ನಮ್ಮ ಹೆಂಗಸರು ದಾರದ ತುಂಡನ್ನೂ ಎಸೆಯುವವರಲ್ಲ. ಸುಗ್ಗಿ ಮುಗಿದ ಮೇಲೆ ಹೊಲದ ರೀಲನ್ನೆಲ್ಲ ಬಿಚ್ಚಿ, ಮುಂದಿನ ವರ್ಷಕ್ಕಾಗಲಿ ಎಂದು ಒಂದು ಕೋಲಿಗೆ ಸುತ್ತಿ ಅಲ್ಲಿ ಸಿಕ್ಕಿಸಿದ್ದಳು. ಮುಂದಿನ ವರ್ಷ ಹತ್ತಿ ಹಾಕಿದರು. ಹತ್ತಿಗೆ ಹಕ್ಕಿಯ ಕಾಟವಿಲ್ಲ.

ನೇತ್ರಾ ಕೋಲು ತಂದಳು. ಧೂಳು, ಜೇಡರ ಬಲೆ, ಒಂದು ಬದಿ ಇಲಿ ಕಡಿದದ್ದು. ಹನಮಂತವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನ ಮುಂದೆ ಹಿಡಿದಳು.

"ಸಾಹೇಬ್ರ, ನಿಮ್ಮ ಜಲಮೆಲ್ಲಾ ಇದರಾಗ ಹೋತು. ಇದನ್ನ ಹಚ್ಚಾಕ ಬರತೈತೇನ್ ನೋಡ್ರಿ. ಎಲ್ಲಾ ಬ್ಯಾಡ. ಆಕಿ ಒಮ್ಮೆ ಜೀಕಿ ಬಂದು ಹೋದ್ರ ಸಾಕು."

ನಾನು ತುದಿ ಹುಡುಕಿ ಮೆಲ್ಲಗೆ ಎಳೆದೆ. ಆ ಚೀಲದ ಎಷ್ಟು ಕ್ಯಾಸೆಟ್ಟುಗಳ ರೀಲು ಇದರಲ್ಲಿ ಕೂಡಿತ್ತೋ, ಯಾವುದು ಕುಸ್ತಿಯದು, ಯಾವುದು ಜೋಕಾಲಿಯದು, ದೇವರೇ ಬಲ್ಲ. ಹೊಲದ ಬಿಸಿಲು ತಿಂದ ರೀಲು. ಎಳೆದ ಕಡೆಯೆಲ್ಲ ಕಂದು ಬಣ್ಣ ಪುಡಿಯಾಗಿ ನನ್ನ ಬೆರಳಿಗೆ ಬಂತು, ಕೈಯಲ್ಲಿ ಉಳಿದದ್ದು ನೀರಿನಂಥ ಬರಿಯ ಪ್ಲಾಸ್ಟಿಕ್ಕು. ಸುಳ್ಳು ಹೇಳಿ ಕೋಲನ್ನು ಮನೆಗೊಯ್ಯಬಹುದಿತ್ತು. ಆದರೆ ಇನ್ನಷ್ಟು ವರ್ಷ ಅವಳನ್ನು ಕಾಯಿಸುವ ಪಾಪ ನನಗೆ ಬೇಡವಾಗಿತ್ತು.

"ಬರೂದಿಲ್ಲವಾ," ಎಂದೆ. "ಚಿತ್ರ ಇರೂದು ಈ ಕಂದು ಬಣ್ಣದಾಗ. ಅದೆಲ್ಲಾ ಉದರೇದ. ಇದರಾಗ ಏನೂ ಉಳಿದಿಲ್ಲ."

ಅವಳು ನನ್ನ ಬೆರಳಿಗೆ ಹತ್ತಿದ ಪುಡಿಯನ್ನೇ ನೋಡಿದಳು. ಅಂಗಿಗೆ ಕೈ ಒರೆಸಿಕೊಳ್ಳಲು ಹೋದವನು ಒರೆಸಿಕೊಳ್ಳದೆ ನಿಂತೆ. ಅವಳು ನನ್ನ ಕೈಯಿಂದ ರೀಲಿನ ತುದಿಯನ್ನು ತೆಗೆದುಕೊಂಡು ಅಂಗಳಕ್ಕೆ ನಡೆದಳು. ಎರಡೂ ಕೈಯಲ್ಲಿ ಬಿಗಿ ಹಿಡಿದು ಬಿಸಿಲಿಗೆ ಎತ್ತಿ, ಹುಡುಗರು ಸಿನಿಮಾದ ಫಿಲ್ಮು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದಳು.

"ಅದರಾಗ ಕಣ್ಣಿಗೆ ಕಾಣೂ ಚಿತ್ರ ಮೊದಲಿಗೂ ಇರೂದಿಲ್ಲವಾ," ಎಂದೆ.

ಅವಳು ಹೂಂ ಎಂದಳು. ಆಮೇಲೆ ರೀಲನ್ನು ತಿರುಗಿಸಿ, ಆ ಬದಿಯಿಂದಲೂ ಬಿಸಿಲಿಗೆ ಹಿಡಿದು ನೋಡಿದಳು.